ಸ್ಯಾನ್ ಫ್ರಾನ್ಸಿಸ್ಕೊದ ಕೇಬಲ್ ಕಾರು: ಎಲ್ಲಿ ಹತ್ತಬೇಕು, ಹೇಗೆ ನಿಲ್ಲಬೇಕು

ಕೇಬಲ್ ಕಾರು ಎಂದೊಡನೆ ನಮಗೆ ನೆನಪಾಗುವುದು ಕಣಿವೆಯ ಮೇಲೆ ತಂತಿಗೆ ಜೋತುಬಿದ್ದು ಸಾಗುವ ತೊಟ್ಟಿಲು. ಸ್ಯಾನ್ ಫ್ರಾನ್ಸಿಸ್ಕೊದ್ದು ಹಾಗಲ್ಲ. ಅದು ಬೀದಿಯ ಹಳಿಗಳ ಮೇಲೆ ಓಡುವ, ಸ್ವಂತ ಎಂಜಿನ್ ಇಲ್ಲದ ಬಂಡಿ. ರಸ್ತೆಯಡಿ ಉಕ್ಕಿನ ಹಗ್ಗವೊಂದು ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಬಿಡುವಿಲ್ಲದೆ ಓಡುತ್ತಿರುತ್ತದೆ. ಗ್ರಿಪ್‌ಮನ್ ಎಂದು ಕರೆಯುವ ಚಾಲಕ, ಹಳಿಗಳ ನಡುವಿನ ಸೀಳಿನೊಳಗೆ ಇಳಿದಿರುವ ಇಕ್ಕಳದಿಂದ ಅದನ್ನು ಕಚ್ಚಿ ಹಿಡಿದರೆ ಬಂಡಿ ಹೊರಡುತ್ತದೆ; ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತದೆ. 1873ರಲ್ಲಿ ಆಂಡ್ರ್ಯೂ ಹ್ಯಾಲಿಡಿ ಕ್ಲೇ ಬೀದಿಯ ಏರಿನಲ್ಲಿ ಓಡಿಸಿ ತೋರಿಸಿದ ಉಪಾಯವಿದು. ಬೇ ಏರಿಯಾದ, ಅಂದರೆ ಈ ನಗರದ ಸುತ್ತಲಿನ ಪ್ರದೇಶದ, ಮಕ್ಕಳ ಮನೆಗೆ ಊರಿನಿಂದ ಬಂದ ಹಿರಿಯರು ಬಹಳ ಹೊತ್ತು ಸರದಿಯಲ್ಲಿ ಕಾದು, ಕೊನೆಗೆ ಮುಚ್ಚಿದ ಭಾಗದಲ್ಲಿ ಕುಳಿತು ಎದುರಿನವರ ಬೆನ್ನು ನೋಡಿಕೊಂಡು ಬರುವುದನ್ನು ಎಷ್ಟೋ ಬಾರಿ ಕಂಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಟಿಕೆಟನ್ನು ಮೊದಲೇ ಫೋನಿನಲ್ಲಿ ಕೊಂಡುಬಿಡಿ. ಒಂದು ಸವಾರಿಯ ದರ ಬಸ್ಸಿನ ದರಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ದಿನಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಹತ್ತುವವರು ಪ್ರವಾಸಿಗರ ಪಾಸ್ ತೆಗೆದುಕೊಳ್ಳುವುದು ಮೇಲು. ಬೀದಿಯಲ್ಲಿ ಟಿಕೆಟ್ ಮಾರಲು ಬಂದವರಿಂದ ಕೊಳ್ಳಲೇಬೇಡಿ. ಹಾಗೆಯೇ, ರಬ್ಬರ್ ಚಕ್ರಗಳ ಮೇಲೆ ಓಡುವ, ಕೇಬಲ್ ಕಾರಿನ ವೇಷ ಹಾಕಿದ ಪ್ರವಾಸಿ ಬಸ್ಸುಗಳೂ ಇವೆ. ಕೆಳಗೆ ಹಳಿಯೂ ಸೀಳೂ ಇಲ್ಲದಿದ್ದರೆ ಅದು ಬಸ್ಸೆಂದೇ ತಿಳಿಯಿರಿ.

ಮೂರು ಮಾರ್ಗಗಳಲ್ಲಿ ಪವೆಲ್–ಹೈಡ್ ಮತ್ತು ಪವೆಲ್–ಮೇಸನ್ ಎರಡೂ ಪವೆಲ್ ಮತ್ತು ಮಾರ್ಕೆಟ್ ಬೀದಿಗಳು ಕೂಡುವಲ್ಲಿಂದಲೇ ಹೊರಡುತ್ತವೆ. ಅಲ್ಲಿ ಬಂಡಿಯನ್ನು ಮರದ ತಿರುಗುಮಣೆಯ ಮೇಲೆ ನಿಲ್ಲಿಸಿ, ಸಿಬ್ಬಂದಿ ಕೈಯಿಂದಲೇ ತಳ್ಳಿ ತಿರುಗಿಸುತ್ತಾರೆ. ಅದನ್ನು ಪಕ್ಕದಲ್ಲಿ ನಿಂತು ಕಣ್ತುಂಬ ನೋಡಿ, ಆದರೆ ಹತ್ತುವುದಕ್ಕೆ ಬೆಳಿಗ್ಗೆ ಬೇಗ ಬನ್ನಿ. ತಡವಾಗಿದ್ದರೆ ಬಾರ್ಟ್ ರೈಲಿನಲ್ಲಿ ಎಂಬಾರ್ಕಡೆರೊ ನಿಲ್ದಾಣದಲ್ಲೇ ಇಳಿದು ಮೂರನೆಯ ಮಾರ್ಗವಾದ ಕ್ಯಾಲಿಫೋರ್ನಿಯಾ ಬೀದಿಯ ಬಂಡಿ ಹತ್ತಿ: ಅದಕ್ಕೆ ಎರಡು ತುದಿಯಲ್ಲೂ ಚಾಲಕನ ಜಾಗವಿರುವುದರಿಂದ ತಿರುಗುಮಣೆಯ ಗೋಜಿಲ್ಲ, ಸರದಿಯೂ ಗಿಡ್ಡ.

ಎಡವಟ್ಟಾಗುವುದು ಮುಂದಿನ ಹಂತದಲ್ಲಿ. ಪವೆಲ್ ಬಂಡಿಯ ಮುಂಭಾಗ ತೆರೆದದ್ದು. ಅಲ್ಲಿ ಬೀದಿಗೆ ಮುಖಮಾಡಿದ ಬೆಂಚುಗಳೂ, ಅವುಗಳ ಹೊರಗೆ ನಿಲ್ಲಲು ಉದ್ದನೆಯ ಮೆಟ್ಟಿಲೂ ಇವೆ. ಪವೆಲ್–ಹೈಡ್‌ನಲ್ಲಿ ಸಮುದ್ರದ ಕಡೆಗೆ ಹೋಗುವಾಗ ಬಲಬದಿಯನ್ನೇ ಹಿಡಿಯಬೇಕು, ಕೊಲ್ಲಿಯ ನೋಟವೆಲ್ಲ ಆ ಕಡೆಗಿದೆ. ವಯಸ್ಸಾದವರನ್ನೂ ಸೀರೆಯುಟ್ಟವರನ್ನೂ ಬೆಂಚಿನ ಮೇಲೆ ಕೂರಿಸಿ, ಅವರ ಮುಂದೆ ಮೆಟ್ಟಿಲ ಮೇಲೆ ನೀವು ನಿಲ್ಲಿ. ಕಂಬವನ್ನು ಬರಿಯ ಬೆರಳುಗಳಿಂದ ಹಿಡಿದರೆ ಸಾಲದು, ಮೊಣಕೈ ಸುತ್ತಿ ಹಿಡಿಯಬೇಕು. ಮೊಣಕಾಲು ತುಸು ಬಾಗಿರಲಿ, ಮುಖ ಒಳಗಡೆಗಿರಲಿ. ಬೆನ್ನಚೀಲವನ್ನು ಎದೆಗೆ ತಿರುಗಿಸಿ ಹಾಕಿಕೊಳ್ಳಿ, ಏಕೆಂದರೆ ಎದುರಿನಿಂದ ಬರುವ ಬಂಡಿಯೂ ನಿಂತಿರುವ ಲಾರಿಗಳ ಕನ್ನಡಿಗಳೂ ಒಂದು ಗೇಣಿನಷ್ಟು ಹತ್ತಿರಕ್ಕೆ ಬರುತ್ತವೆ. ಚೀಲದ ಪಟ್ಟಿ ಸಿಕ್ಕಿಕೊಂಡು ಕಿರುಚಿದ ತರುಣನೊಬ್ಬನನ್ನು ನಾನೇ ಹಿಡಿದೆಳೆದಿದ್ದೇನೆ. ಸೆಲ್ಫಿ ಕೋಲನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕ್ಯಾಲಿಫೋರ್ನಿಯಾ ಬೀದಿಯನ್ನು ದಾಟುವಲ್ಲಿ ಆ ಬೀದಿಯ ಹಗ್ಗ ನೆಲದಡಿಯಲ್ಲಿ ಪವೆಲ್ ಹಗ್ಗದ ಮೇಲೆ ಹಾದುಹೋಗುವುದರಿಂದ ಗ್ರಿಪ್‌ಮನ್ ತನ್ನ ಹಗ್ಗವನ್ನು ಬಿಟ್ಟು, ಆಚೆ ಮತ್ತೆ ಹಿಡಿಯುತ್ತಾನೆ. ಅಲ್ಲೊಂದು ಕುಲುಕು ನಿಶ್ಚಿತ. ಅಲ್ಲಿಂದ ಮುಂದೆ ಜ್ಯಾಕ್ಸನ್ ಬೀದಿಗೆ ಬಂಡಿ ಎಡಕ್ಕೆ ಹೊರಳಿದಾಗ ಬಲಬದಿಯಲ್ಲಿ ನಿಂತವರು ಹೊರಕ್ಕೆ ವಾಲುತ್ತಾರೆ. ಫೋಟೊ ತೆಗೆಯುವ ಹೊತ್ತು ಅದಲ್ಲ. ಹೈಡ್ ಬೀದಿಯ ಇಳಿಜಾರಿನಲ್ಲಿ ಆಲ್ಕಟ್ರಾಜ್ ದ್ವೀಪ ನೇರ ಎದುರಿಗೆ ಕಾಣುವಾಗ ತೆಗೆಯಿರಿ. ಅಲ್ಲಿ ಮರ ಸುಟ್ಟಂಥ ವಾಸನೆ ಬಂದರೆ ಗಾಬರಿ ಬೇಡ. ಹಳಿಯ ಮೇಲೆ ಒತ್ತುವ ಬ್ರೇಕುಗಳು ಮರದ ತುಂಡುಗಳೇ.

ಜುಲೈ ತಿಂಗಳಾದರೂ ಸ್ವೆಟರ್ ಇರಲಿ, ಮಧ್ಯಾಹ್ನದ ಮಂಜುಗಾಳಿ ಹಲ್ಲು ಕಟಗುಟ್ಟಿಸುತ್ತದೆ.

ನಡುದಾರಿಯಲ್ಲಿ ಇಳಿಯುವುದಾದರೆ ವಾಷಿಂಗ್ಟನ್ ಮತ್ತು ಮೇಸನ್ ಬೀದಿಗಳು ಕೂಡುವಲ್ಲಿರುವ ಕೇಬಲ್ ಕಾರು ಸಂಗ್ರಹಾಲಯಕ್ಕಾಗಿ ಇಳಿಯಿರಿ. ಪ್ರವೇಶ ಉಚಿತ; ನಗರದ ನಾಲ್ಕೂ ಹಗ್ಗಗಳನ್ನು ಎಳೆಯುವ ಭಾರಿ ಚಕ್ರಗಳು ಕಣ್ಣೆದುರಿಗೇ ತಿರುಗುತ್ತಿರುತ್ತವೆ. ಬಂಡಿ ಪೂರ್ತಿ ನಿಂತ ಮೇಲೆ, ಹಿಂದಿನಿಂದ ಕಾರು ಬರುತ್ತಿಲ್ಲವೆಂದು ನೋಡಿಕೊಂಡೇ ಕಾಲಿಡಿ, ಏಕೆಂದರೆ ನೀವು ಇಳಿಯುವುದು ರಸ್ತೆಯ ನಡುವೆ. ಹೈಡ್ ತುದಿ ತಲುಪಿದ ಮೇಲೆ ಮರಳಿ ಬರಲು ಅಲ್ಲಿನ ಸರದಿಯಲ್ಲಿ ನಿಲ್ಲಬೇಡಿ. ಫಿಶರ್‌ಮನ್ಸ್ ವಾರ್ಫ್‌ವರೆಗೆ ನಡೆದು ಎಫ್ ಮಾರ್ಗದ ಹಳೆಯ ಟ್ರಾಮ್ ಹಿಡಿದರೆ, ಅದು ಬಂದರಿನ ಅಂಚಿನಲ್ಲೇ ಸಾಗಿ ನಿಮ್ಮನ್ನು ಮಾರ್ಕೆಟ್ ಬೀದಿಗೆ ತಂದು ಬಿಡುತ್ತದೆ.