ದೊಡ್ಡಪ್ಪನ ಲ್ಯಾಪ್‌ಟಾಪಿಗೆ ಎಸ್ ಮೋಡ್ ಪೆನ್‌ಡ್ರೈವ್ ಮಾಡಿದ್ದು ಹೀಗೆ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಪಾಂಡವಪುರದ ಹತ್ತಿರ ಹಳ್ಳಿಯಲ್ಲಿರುವ ದೊಡ್ಡಪ್ಪ ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗ್ಗೆಯೇ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಬ್ಯಾಂಕಿನೋರು ಅಂದ್ರು ಕಣವ್ವ. ಅದೇನೋ ಡೌನ್‌ಲೋಡ್ ಮಾಡ್ಕೊಳಿ ಅಂದ್ರು, ಮಾಡ್ಕೊಂಡೆ. ಆಮೇಲೆ ಬಾಣ ತಾನೇ ಓಡಾಡೋಕೆ ಶುರುವಾಯ್ತು." ಪರದೆಯನ್ನು ದೂರದಿಂದ ಆಡಿಸುವ ಪ್ರೋಗ್ರಾಂ ಹಾಕಿಸಿದ್ದರು. ಕಬ್ಬಿನ ದುಡ್ಡಿನಲ್ಲಿ 38 ಸಾವಿರ ಹೋಗಿತ್ತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆ ನಂಬರ್ ಎಲ್ಲರ ಮನೆಯ ಗೋಡೆಯ ಮೇಲೂ ಇರಬೇಕು.

ದೊಡ್ಡಪ್ಪ ಲ್ಯಾಪ್‌ಟಾಪಿನಲ್ಲಿ ಮಾಡುವ ಕೆಲಸ ಲೆಕ್ಕ ಹಾಕಿದರೆ ನಾಲ್ಕೇ. ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡುವುದು, ಪೇಪರ್ ಓದುವುದು, ಮಗಳ ಜೊತೆ ವಿಡಿಯೋ ಕಾಲ್, ಸೊಸೈಟಿಗೆ ಆಗಾಗ ಒಂದು ಅರ್ಜಿ ಟೈಪ್ ಮಾಡುವುದು. ಇದಕ್ಕೆ ಹೊರಗಿನ ಪ್ರೋಗ್ರಾಂ ಒಂದೂ ಬೇಕಿಲ್ಲ. ಹಾಗಿದ್ದಮೇಲೆ ಹೊರಗಿನ ಪ್ರೋಗ್ರಾಂ ಒಳಗೆ ಬರುವ ಬಾಗಿಲನ್ನೇ ಮುಚ್ಚಿಬಿಟ್ಟರೆ ಆಯ್ತಲ್ವಾ? ವಿಂಡೋಸಿನ ಎಸ್ ಮೋಡ್ ಮಾಡುವುದು ಅದನ್ನೇ.

ಮೈಕ್ರೋಸಾಫ್ಟ್ ಇದನ್ನು ಮೊದಲು 2017ರ ಮೇ 2ರಂದು ವಿಂಡೋಸ್ 10 ಎಸ್ ಅಂತ ಬೇರೆ ಹೆಸರಿನಲ್ಲೇ ತೋರಿಸಿತು. 2018ರಲ್ಲಿ ಅದು ಮಾಮೂಲಿ ವಿಂಡೋಸಿನ ಒಂದು ಮೋಡ್ ಆಯಿತು. ವಿಂಡೋಸ್ 11ರಲ್ಲಿ ಹೋಮ್ ಆವೃತ್ತಿಗೆ ಮಾತ್ರ ಸಿಗುತ್ತದೆ, ಪ್ರೋಗೆ ಇಲ್ಲ. ಈ ಮೋಡಿನಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆ್ಯಪ್ ಮಾತ್ರ ನಡೆಯುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿದ ಇಎಕ್ಸ್‌ಇ ಫೈಲ್, ಅಂದರೆ ಪ್ರೋಗ್ರಾಂ ಹಾಕುವ ಫೈಲ್ ಒತ್ತಿದರೆ ತಡೆಯುವ ಸಂದೇಶ ಬರುತ್ತದೆ. ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್, ರಿಜಿಸ್ಟ್ರಿ ಎಡಿಟರ್ ಕೂಡ ತೆರೆಯುವುದಿಲ್ಲ.

ತೊಂದರೆ ಏನಂದರೆ, ಮಾಮೂಲಿ ವಿಂಡೋಸ್ ಇರುವ ಲ್ಯಾಪ್‌ಟಾಪನ್ನು ಎಸ್ ಮೋಡಿಗೆ ತಿರುಗಿಸುವ ಬಟನ್ ಸೆಟ್ಟಿಂಗ್ಸಿನಲ್ಲಿ ಎಲ್ಲೂ ಇಲ್ಲ. ಹೊರಗೆ ಬರಲು ಬಟನ್ ಇದೆ, ಒಳಗೆ ಹೋಗಲು ಇಲ್ಲ. ಹಾಗಾಗಿ ಎಸ್ ಮೋಡ್ ಮೊದಲೇ ಆನ್ ಆಗಿರುವ ಇನ್‌ಸ್ಟಾಲ್ ಪೆನ್‌ಡ್ರೈವನ್ನು ನಾವೇ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪ್ ಕಂಪನಿಗಳು ಫ್ಯಾಕ್ಟರಿಯಲ್ಲಿ ಮಾಡುವ ಕೆಲಸವೇ ಇದು. ಅದಕ್ಕೆ ಬೇಕಾದ ಸಾಮಾನು ಉಚಿತವಾಗಿಯೇ ಸಿಗುತ್ತದೆ.

ಯಾರಿಗೆ ಬೇಡ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಟ್ಯಾಲಿ ಬಳಸುವವರಿಗೆ ಬೇಡ. ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚಿ ಟೆಂಡರ್ ಹಾಕುವವರಿಗೆ ಬೇಡ. ನುಡಿ ತಂತ್ರಾಂಶದಲ್ಲೇ ಟೈಪ್ ಮಾಡುವವರಿಗೂ ಬೇಡ, ಯಾಕಂದರೆ ನುಡಿಯ ಇನ್‌ಸ್ಟಾಲರ್ ಇಲ್ಲಿ ಓಡುವುದಿಲ್ಲ. ದೊಡ್ಡಪ್ಪನೂ ನುಡಿಯಲ್ಲೇ ಟೈಪ್ ಮಾಡುತ್ತಿದ್ದರು. ಆದರೆ ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಇದೆ. 2019ರ ಮೇ ಅಪ್‌ಡೇಟಿನಿಂದ ಫೊನೆಟಿಕ್ ಕೀಬೋರ್ಡ್ ಕೂಡ ಬಂದಿದೆ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಒತ್ತಿದರೆ ಕನ್ನಡ ಮೂಡುತ್ತದೆ. ಒಂದು ಭಾನುವಾರ ಪಕ್ಕದಲ್ಲಿ ಕೂತು ಕಲಿಸಿದೆ. ಅವರ ಹಳೆಯ ಅರ್ಜಿಗಳನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಯೂನಿಕೋಡಿಗೆ, ಅಂದರೆ ನುಡಿ ಇಲ್ಲದೆಯೂ ಓದಬಹುದಾದ ಅಕ್ಷರಕ್ಕೆ ಬದಲಾಯಿಸಿ ಕೊಟ್ಟೆ. ಈ ಕೆಲಸವನ್ನು ವಿಂಡೋಸ್ ಹಾಕುವ ಮೊದಲೇ ಮುಗಿಸಿಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಬೇಕಾದದ್ದು ಇಷ್ಟು. ಮಾಮೂಲಿ ವಿಂಡೋಸ್ 11 ಇರುವ ಇನ್ನೊಂದು ಕಂಪ್ಯೂಟರ್, ಅದರಲ್ಲಿ ಸುಮಾರು 30 ಜಿಬಿ ಖಾಲಿ ಜಾಗ, 8 ಅಥವಾ 16 ಜಿಬಿಯ ಒಂದು ಪೆನ್‌ಡ್ರೈವ್. ಎಸ್ ಮೋಡ್ ಹಾಕಬೇಕಾದ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ತಕ್ಕದ್ದಾಗಿರಬೇಕು: 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ನಂಬಿಕಸ್ಥ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಅದನ್ನು ಹಾಕಬೇಡಿ.

ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದ ಎರಡನ್ನು ಇಳಿಸಿಕೊಳ್ಳಿ. ಒಂದು, ವಿಂಡೋಸ್ 11ರ ಐಎಸ್‌ಒ ಫೈಲ್, ಅಂದರೆ ಇಡೀ ಇನ್‌ಸ್ಟಾಲ್ ಡಿಸ್ಕಿನ ಪ್ರತಿ. ಇನ್ನೊಂದು, ವಿಂಡೋಸನ್ನು ನಮಗೆ ಬೇಕಾದಂತೆ ಸಿದ್ಧಮಾಡುವ ಎಡಿಕೆ ಅನ್ನುವ ಕಿಟ್. ಎಡಿಕೆ ಹಾಕುವಾಗ ಪಟ್ಟಿಯಲ್ಲಿ ಡಿಪ್ಲಾಯ್‌ಮೆಂಟ್ ಟೂಲ್ಸ್ ಒಂದಕ್ಕೇ ಟಿಕ್ ಇಡಿ, ಉಳಿದದ್ದು ಸುಮ್ನೆ ಜಾಗ ತಿನ್ನುತ್ತದೆ. ಇದರ ಜೊತೆ ಎರಡು ಮುಖ್ಯ ವಸ್ತು ಬರುತ್ತವೆ. ವಿಂಡೋಸ್ ಸಿಸ್ಟಮ್ ಇಮೇಜ್ ಮ್ಯಾನೇಜರ್, ಮತ್ತು ವಿಂಡೋಸಿನ ಫೈಲನ್ನು ಬಿಚ್ಚಿ ಬದಲಾಯಿಸುವ, ಡಿಐಎಸ್‌ಎಂ ಎಂಬ ನಾಲ್ಕಕ್ಷರದ ಕಮಾಂಡ್. ನಾವು ಅದನ್ನು ಡಿಸ್ಮ್ ಅಂತೀವಿ.

ಸಿ ಡ್ರೈವಿನಲ್ಲೇ ಹೆಸರು ಚಿಕ್ಕದಾದ ಎರಡು ಫೋಲ್ಡರ್ ಮಾಡಿ. ಒಂದರ ಹೆಸರು ವಿನ್, ಇನ್ನೊಂದು ಮೌಂಟ್. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ನಡುವೆ ಸ್ಪೇಸ್ ಬೇಡ. ಐಎಸ್‌ಒ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಡಿವಿಡಿ ಥರ ತೆರೆದುಕೊಳ್ಳುತ್ತದೆ. ಅದರಲ್ಲಿರುವುದನ್ನೆಲ್ಲ ವಿನ್ ಫೋಲ್ಡರಿಗೆ ಕಾಪಿ ಮಾಡಿ. ಸೋರ್ಸಸ್ ಎಂಬ ಒಳಫೋಲ್ಡರಿನಲ್ಲಿ ಇನ್‌ಸ್ಟಾಲ್ ಡಾಟ್ ವಿಮ್ ಅನ್ನುವ ದೊಡ್ಡ ಫೈಲ್ ಇರುತ್ತದೆ. ಇಡೀ ವಿಂಡೋಸ್ ಇರುವುದು ಅದರಲ್ಲೇ. ಅದರ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸಿನಲ್ಲಿ ರೀಡ್ ಓನ್ಲಿ ಟಿಕ್ ಇದ್ದರೆ ತೆಗೆಯಿರಿ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನನ್ನ ಎರಡು ದಿನ ಹೋದದ್ದು ಇಲ್ಲೇ. ಆ ಒಂದು ಫೈಲಿನೊಳಗೆ ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೋ ಹೀಗೆ ಹಲವು ವಿಂಡೋಸ್ ಇರುತ್ತವೆ, ಪ್ರತಿಯೊಂದಕ್ಕೂ ಒಂದು ನಂಬರ್. ಮೊದಲ ಸಲ ನಾನು ಹೋಮ್ ಅಂತ ಕಂಡದ್ದನ್ನೇ ಹಿಡಿದು ಎಲ್ಲ ಕೆಲಸ ಮುಗಿಸಿದೆ. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಇಎಕ್ಸ್‌ಇ ಆರಾಮಾಗಿ ಇನ್‌ಸ್ಟಾಲ್ ಆಗುತ್ತಿದೆ! ಕಾರಣ ಇಷ್ಟೇ. ನಮ್ಮ ದೇಶದಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಇರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್. ಅದರ ಕೀ ಮದರ್‌ಬೋರ್ಡಿನಲ್ಲೇ ಕೂತಿರುತ್ತದೆ. ಇನ್‌ಸ್ಟಾಲರ್ ಆ ಕೀ ನೋಡಿ, ನಮ್ಮನ್ನು ಕೇಳದೆ ಆ ಆವೃತ್ತಿಯನ್ನೇ ಆರಿಸಿಕೊಳ್ಳುತ್ತದೆ. ನಾನು ಬದಲಾಯಿಸಿದ್ದು ಒಂದು, ಅದು ಹಾಕಿದ್ದು ಇನ್ನೊಂದು.

ಅದಕ್ಕೇ, ಮೊದಲು ಆ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ಆವೃತ್ತಿಯ ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಎಡಿಕೆ ಹಾಕಿರುವ ಡಿಪ್ಲಾಯ್‌ಮೆಂಟ್ ಆ್ಯಂಡ್ ಇಮೇಜಿಂಗ್ ಟೂಲ್ಸ್ ಎಂಬ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮಾಮೂಲಿ ಕಮಾಂಡ್ ಪ್ರಾಂಪ್ಟಿಗಿಂತ ಇದು ಒಳ್ಳೆಯದು, ಇದರಲ್ಲಿ ಕಿಟ್‌ನ ಜೊತೆ ಬಂದ ಹೊಸ ಡಿಸ್ಮ್ ಇರುತ್ತದೆ. ಗೆಟ್-ಇಮೇಜ್‌ಇನ್ಫೋ ಆಯ್ಕೆ ಕೊಟ್ಟು ಆ ವಿಮ್ ಫೈಲಿನ ಹೆಸರು ಹೇಳಿದರೆ ಒಳಗಿರುವ ಆವೃತ್ತಿಗಳ ಪಟ್ಟಿ ನಂಬರಿನ ಜೊತೆ ಬರುತ್ತದೆ. ಚೀಟಿಯಲ್ಲಿರುವ ಹೆಸರಿನ ನಂಬರ್ ಹುಡುಕಿ. ಎಕ್ಸ್‌ಪೋರ್ಟ್-ಇಮೇಜ್ ಆಯ್ಕೆಯಿಂದ ಆ ನಂಬರ್ ಒಂದನ್ನೇ ಹೊಸ ವಿಮ್ ಫೈಲಿಗೆ ತೆಗೆಯಿರಿ. ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರೇ ಇಡಿ. ಈಗ ಫೈಲಿನೊಳಗೆ ಒಂದೇ ವಿಂಡೋಸ್. ತಪ್ಪಾಗಲು ದಾರಿಯೇ ಇಲ್ಲ.

ಮುಂದಿನದು ಉತ್ತರದ ಫೈಲ್. ವಿಂಡೋಸ್ ಹಾಕುವಾಗ ಅದು ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರ ಅಂತ ತಿಳಿದುಕೊಳ್ಳಿ. ಸಿಸ್ಟಮ್ ಇಮೇಜ್ ಮ್ಯಾನೇಜರ್ ತೆರೆದು ನಮ್ಮ ಹೊಸ ವಿಮ್ ಫೈಲನ್ನು ಆರಿಸಿ. ಕ್ಯಾಟಲಾಗ್ ಫೈಲ್ ಇಲ್ಲ, ಮಾಡಲಾ ಅಂತ ಕೇಳುತ್ತದೆ, ಹೂಂ ಅನ್ನಿ. ತುಂಬಾ ಹೊತ್ತು ಹಿಡಿಯುತ್ತದೆ, ಒಂದು ಕಾಫಿ ಕುಡಿದು ಬನ್ನಿ. ಆಮೇಲೆ ಹೊಸ ಆನ್ಸರ್ ಫೈಲ್ ಶುರು ಮಾಡಿ. ಎಡಗಡೆ ಕಾಂಪೊನೆಂಟ್‌ಗಳ ಉದ್ದ ಪಟ್ಟಿ ಇದೆ. ಅದರಲ್ಲಿ ಎಎಂಡಿ64 ಅಂತ ಶುರುವಾಗಿ ಮೈಕ್ರೋಸಾಫ್ಟ್ ವಿಂಡೋಸ್ ಕೋಡ್‌ಇಂಟೆಗ್ರಿಟಿ ಅಂತ ಮುಂದುವರಿಯುವ ಹೆಸರು ಹುಡುಕಿ. ಇಂಟೆಲ್ ಪ್ರೊಸೆಸರ್ ಇದ್ದರೂ ಎಎಂಡಿ64 ಅಂತಲೇ ಇರುತ್ತದೆ, ಗಾಬರಿ ಬೇಡ. ಬಲ ಕ್ಲಿಕ್ ಮಾಡಿ 2ನೇ ಪಾಸ್, ಅಂದರೆ ಆಫ್‌ಲೈನ್ ಸರ್ವಿಸಿಂಗ್‌ಗೆ ಸೇರಿಸಿ. ಬಲಗಡೆ ಎಸ್‌ಕೆಯು ಪಾಲಿಸಿ ರಿಕ್ವೈರ್ಡ್ ಅನ್ನುವ ಸಾಲು ಬರುತ್ತದೆ. ಅದರ ಮುಂದೆ 1 ಅಂತ ಹಾಕಿ. ಎಸ್ ಮೋಡಿನ ಇಡೀ ಗುಟ್ಟು ಈ ಒಂದು ಅಂಕಿಯಲ್ಲಿದೆ. ಅನ್‌ಅಟೆಂಡ್ ಡಾಟ್ ಎಕ್ಸ್‌ಎಂಎಲ್ ಅಂತ ಹೆಸರು ಕೊಟ್ಟು ಉಳಿಸಿ.

ಮತ್ತೆ ಕಪ್ಪು ಕಿಟಕಿಗೆ. ಡಿಸ್ಮ್‌ನ ಮೌಂಟ್-ಇಮೇಜ್ ಆಯ್ಕೆಯಿಂದ ವಿಮ್ ಫೈಲನ್ನು ಮೌಂಟ್ ಫೋಲ್ಡರಿನಲ್ಲಿ ಬಿಚ್ಚಿಡಿ. ಇಂಡೆಕ್ಸ್ 1 ಅಂತ ಕೊಟ್ಟರೆ ಸಾಕು, ಈಗ ಇರುವುದೇ ಒಂದು. ಬಿಚ್ಚಿದ ಮೇಲೆ ಒಳಗಿನ ವಿಂಡೋಸ್ ಫೋಲ್ಡರಿಗೆ ಹೋಗಿ. ಪ್ಯಾಂಥರ್ ಎಂಬ ಫೋಲ್ಡರ್ ಇಲ್ಲದಿದ್ದರೆ ಮಾಡಿ, ಉತ್ತರದ ಫೈಲನ್ನು ಅಲ್ಲಿ ಇಡಿ. ನಂತರ ಅಪ್ಲೈ-ಅನ್‌ಅಟೆಂಡ್ ಆಯ್ಕೆ ಕೊಟ್ಟು ಅದೇ ಫೈಲನ್ನು ಬಿಚ್ಚಿಟ್ಟ ವಿಂಡೋಸಿಗೆ ಹಚ್ಚಿ. ಇಡುವುದು, ಹಚ್ಚುವುದು, ಎರಡೂ ಆಗಬೇಕು.

ಮುಚ್ಚುವ ಮೊದಲು ವೈಫೈ ಡ್ರೈವರ್, ಅಂದರೆ ವೈಫೈ ನಡೆಸುವ ಚಿಕ್ಕ ತಂತ್ರಾಂಶ, ಸೇರಿಸಿಬಿಡಿ. ಇದನ್ನು ಬಿಟ್ಟರೆ ಆಮೇಲೆ ಪರದಾಡಬೇಕು. ವಿಂಡೋಸ್ 11 ಹೋಮ್ ಸೆಟಪ್ ಮುಗಿಯಲು ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಎರಡೂ ಬೇಕು. ವೈಫೈ ಹತ್ತದಿದ್ದರೆ ಅಲ್ಲೇ ನಿಲ್ಲುತ್ತದೆ. ಎಸ್ ಮೋಡಿನಲ್ಲಿ ಡ್ರೈವರಿನ ಇಎಕ್ಸ್‌ಇ ಕೂಡ ಓಡುವುದಿಲ್ಲ ಅನ್ನೋದು ನೆನಪಿರಲಿ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಡ್ರೈವರ್ ಇಳಿಸಿ, ಬಿಚ್ಚಿ, ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಆಡ್-ಡ್ರೈವರ್ ಆಯ್ಕೆಗೆ ತೋರಿಸಿ.

ಈಗ ಮೌಂಟ್ ಫೋಲ್ಡರ್ ತೆರೆದಿರುವ ಕಿಟಕಿಗಳನ್ನೆಲ್ಲ ಮುಚ್ಚಿ. ಒಂದು ತೆರೆದಿದ್ದರೂ ಮುಂದಿನ ಹೆಜ್ಜೆ ತಕರಾರು ಮಾಡುತ್ತದೆ. ಅನ್‌ಮೌಂಟ್-ಇಮೇಜ್ ಆಯ್ಕೆಯ ಜೊತೆ ಕಮಿಟ್ ಅಂತ ಮರೆಯದೆ ಕೊಡಿ. ಡಿಸ್ಕಾರ್ಡ್ ಅಂತ ಕೊಟ್ಟರೆ ಮಾಡಿದ್ದೆಲ್ಲ ಹೋಯಿತು. ಈ ಹೊತ್ತಿನಲ್ಲಿ ಕರೆಂಟ್ ಹೋಗಬಾರದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ನಡುವೆ ನಿಂತುಹೋದರೆ ಕ್ಲೀನಪ್-ಮೌಂಟ್‌ಪಾಯಿಂಟ್ಸ್ ಆಯ್ಕೆ ಕೊಟ್ಟು ಕಸ ತೆಗೆದು, ಮೌಂಟ್ ಮಾಡುವುದರಿಂದ ಮತ್ತೆ ಶುರು ಮಾಡಿ.

ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡದೆಯೇ ಅದು ಬೂಟ್ ಆಗುತ್ತದೆ. ಆದರೆ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಹಾಗಾಗಿ ವಿಮ್ ಬಿಟ್ಟು ಉಳಿದದ್ದನ್ನೆಲ್ಲ ಮೊದಲು ಕಾಪಿ ಮಾಡಿ. ಆಮೇಲೆ ಸ್ಪ್ಲಿಟ್-ಇಮೇಜ್ ಆಯ್ಕೆಯಿಂದ ವಿಮ್ ಫೈಲನ್ನು 3800 ಎಂಬಿಯ ತುಂಡುಗಳಾಗಿ ಮಾಡಿ ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿಗೆ ಹಾಕಿ. ತುಂಡಿನ ಹೆಸರು ಇನ್‌ಸ್ಟಾಲ್ ಡಾಟ್ ಎಸ್‌ಡಬ್ಲ್ಯುಎಂ ಅಂತಲೇ ಇರಬೇಕು. ಇನ್‌ಸ್ಟಾಲರ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ.

ಲ್ಯಾಪ್‌ಟಾಪಿನ ಫೋಟೋ, ಕಾಗದಪತ್ರ ಎಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟ ಮೇಲೆ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿ. ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಮುಂದಿನದು ಎಲ್ಲರಿಗೂ ಗೊತ್ತಿರುವ ಇನ್‌ಸ್ಟಾಲೇಶನ್ನೇ.

ಮುಗಿದ ಮೇಲೆ ಪರೀಕ್ಷೆ ಮಾಡದೆ ಯಾರ ಕೈಗೂ ಕೊಡಬೇಡಿ. ಸೆಟ್ಟಿಂಗ್ಸಿನ ಆ್ಯಕ್ಟಿವೇಶನ್ ಪುಟದಲ್ಲಿ ಎಸ್ ಮೋಡ್ ಅಂತ ಕಾಣಬೇಕು. ಯಾವುದಾದರೂ ಇಎಕ್ಸ್‌ಇ ಇಳಿಸಿ ಒತ್ತಿ ನೋಡಿ, ತಡೆಯಬೇಕು. ಕಮಾಂಡ್ ಪ್ರಾಂಪ್ಟ್ ತೆರೆಯಬಾರದು.

ಇಲ್ಲಿಗೆ ಎಲ್ಲ ಕಳ್ಳರೂ ಹೊರಗೆ ಉಳಿದರು ಅಂತಲ್ಲ. ವಿಂಡೋಸಿನ ಜೊತೆಗೇ ಬರುವ ಕ್ವಿಕ್ ಅಸಿಸ್ಟ್ ಸ್ಟೋರಿನ ಆ್ಯಪ್. ಅದರಿಂದಲೂ ದೂರದವರು ಪರದೆ ನೋಡಬಹುದು. ದೊಡ್ಡಪ್ಪನ ಲ್ಯಾಪ್‌ಟಾಪಿನಿಂದ ಅದನ್ನು ತೆಗೆದುಹಾಕಿದೆ. ನಕಲಿ ವೆಬ್‌ಸೈಟಿಗೆ ಪಾಸ್‌ವರ್ಡ್ ಕೊಟ್ಟರೆ, ಫೋನಿನಲ್ಲಿ ಒಟಿಪಿ ಹೇಳಿದರೆ ಯಾವ ಮೋಡೂ ಕಾಯುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಡಲೇಬೇಕು.

ಇನ್ನೊಂದು. ಸ್ಟೋರಿನಲ್ಲಿ ಎಸ್ ಮೋಡಿನಿಂದ ಹೊರಬರುವ ಪುಟ ಇದೆ. ಹಣ ಕೇಳುವುದಿಲ್ಲ, ಒಂದು ಸಲ ಒತ್ತಿದರೆ ಆಯ್ತು. ಮತ್ತೆ ಒಳಗೆ ಹೋಗಲು ಮೈಕ್ರೋಸಾಫ್ಟ್ ದಾರಿ ಇಟ್ಟಿಲ್ಲ. ಫೋನಿನಲ್ಲಿ ಮೋಸ ಮಾಡುವವನು ಅದನ್ನೂ ಒತ್ತಿಸಬಹುದು ಅಂತ ದೊಡ್ಡಪ್ಪನಿಗೆ ಆ ಪುಟವನ್ನೇ ತೆರೆದು ತೋರಿಸಿದೆ. "ಇದನ್ನ ಒತ್ತಿ ಅಂತ ಯಾರಾದ್ರೂ ಅಂದ್ರೆ ಫೋನ್ ಇಟ್ಟು ನಂಗೆ ಮಾಡಿ ದೊಡ್ಡಪ್ಪ" ಅಂದೆ. ಅವರು ಅದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಪೆನ್‌ಡ್ರೈವಿಗೆ ಒಂದು ಚೀಟಿ ಅಂಟಿಸಿ, ಆವೃತ್ತಿಯ ಹೆಸರು, ಲ್ಯಾಪ್‌ಟಾಪಿನ ಮಾಡೆಲ್, ಮಾಡಿದ ತಾರೀಖು ಬರೆದಿಡಿ. ಉತ್ತರದ ಫೈಲಿನ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಡಿಸ್ಕ್ ಕೆಟ್ಟು ಬದಲಾಯಿಸಬೇಕಾದ ದಿನ ಈ ಎರಡೂ ಬೇಕಾಗುತ್ತವೆ.