ಮಗುವಿನ ಪಕ್ಕದಲ್ಲಿ ಈಗಾಗಲೇ ಯಾರಿದ್ದಾರೆ?

ನಮ್ಮ ಕ್ರೈಸ್ತ ಸಭೆಯಲ್ಲಿ ಮಕ್ಕಳ ನೆರವಿನ ನಿಧಿಯ ಹೊಣೆ ಹೊತ್ತು ಹಲವು ವರ್ಷಗಳಾದವು. ಲೋಕದ ಯಾವ ಮೂಲೆಯಲ್ಲೇ ಯುದ್ಧವಾಗಲಿ, ಭೂಕಂಪವಾಗಲಿ, ಮುಂದಿನ ಆರಾಧನೆ ಮುಗಿಯುವಷ್ಟರಲ್ಲಿ ಯಾರಾದರೂ ಬಂದು ಕೇಳುತ್ತಾರೆ: "ನಾವು ಏನು ಕಳುಹಿಸೋಣ?" ಕೇಳುವವರ ಮನಸ್ಸು ಒಳ್ಳೆಯದೇ. ಆದರೂ ನಾನು ಮೊದಲು ಬೇರೊಂದು ಪ್ರಶ್ನೆ ಮುಂದಿಡುತ್ತೇನೆ: ಆ ಮಗುವಿನ ಪಕ್ಕದಲ್ಲಿ ಈಗಾಗಲೇ ಯಾರಿದ್ದಾರೆ? ತಾಯಿ, ಅಜ್ಜಿ, ದೊಡ್ಡಕ್ಕ, ಶಿಬಿರದ ದಾದಿ, ಅಲ್ಲಿಯದೇ ಒಂದು ಸಣ್ಣ ಸಭೆಯ ಹಿರಿಯರು, ಹೀಗೆ ಯಾರಾದರೂ ಇರುವುದೇ ಹೆಚ್ಚು. ಅವರ ಕೈಗೆ ಬಲ ಕೊಡುವುದಷ್ಟೇ ದೂರದಲ್ಲಿರುವ ನಮ್ಮಿಂದ ಸಾಧ್ಯವಾಗುವ ಕೆಲಸ.

ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಕೊನೆಯ ವಚನ ವಿಶ್ವಾಸಿಗಳಿಗೆಲ್ಲ ಬಾಯಿಪಾಠ. ಸಂಕಟದಲ್ಲಿರುವವರನ್ನು ಪರಾಮರಿಸುವುದೇ ಶುದ್ಧ ಭಕ್ತಿ ಎನ್ನುವ ಅದರಲ್ಲಿ ದಿಕ್ಕಿಲ್ಲದ ಮಕ್ಕಳ ಜೊತೆಯಲ್ಲೇ ವಿಧವೆಯರ ಹೆಸರೂ ಇದೆ. ನಾವು ಮಕ್ಕಳ ಮೇಲೆ ಪ್ರಸಂಗ ಮಾಡಿ ವಿಧವೆಯರನ್ನು ಮರೆತುಬಿಡುತ್ತೇವೆ. ಆ ಇಬ್ಬರೂ ಸಾಮಾನ್ಯವಾಗಿ ಒಂದೇ ಮನೆಯವರು. ಮಗುವನ್ನು ಎತ್ತಿಕೊಂಡು ತಾಯಿಯನ್ನು ಹಿಂದೆ ಬಿಟ್ಟುಬನ್ನಿರೆಂದು ಆ ವಚನ ಎಲ್ಲೂ ಹೇಳುವುದಿಲ್ಲ.

ಆದರೆ ಹಾಗೆ ನಡೆದದ್ದುಂಟು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದ ಕೆಲವೇ ದಿನಗಳಲ್ಲಿ, ಬಹುಪಾಲು ಬ್ಯಾಪ್ಟಿಸ್ಟ್ ಸಭೆಗಳಿಗೆ ಸೇರಿದ ಹತ್ತು ಮಂದಿ ಅಮೆರಿಕನ್ನರು 33 ಮಕ್ಕಳನ್ನು ಸರಿಯಾದ ಕಾಗದಪತ್ರಗಳಿಲ್ಲದೆ ಡೊಮಿನಿಕನ್ ಗಣರಾಜ್ಯಕ್ಕೆ ದಾಟಿಸಲು ಹೊರಟು ಗಡಿಯಲ್ಲಿ ಬಂಧನಕ್ಕೊಳಗಾದರು. ಅನಾಥರೆಂದು ಹೇಳಲಾದ ಆ ಮಕ್ಕಳಲ್ಲಿ ಬಹುತೇಕರ ತಂದೆಯೋ ತಾಯಿಯೋ ಬದುಕಿದ್ದರೆಂದು ಆಮೇಲೆ ತಿಳಿಯಿತು. ಸಮಿತಿಗೆ ಹೊಸಬರು ಬಂದಾಗ ಈ ಘಟನೆಯನ್ನು ನಾನು ತಪ್ಪದೆ ಹೇಳುತ್ತೇನೆ. ಅದಕ್ಕೂ ಹಿಂದಿನ ವರ್ಷವೇ, 2009ರಲ್ಲಿ, ವಿಶ್ವಸಂಸ್ಥೆ ಮಕ್ಕಳ ಪರ್ಯಾಯ ಪಾಲನೆಗೆ, ಅಂದರೆ ಹೆತ್ತವರ ಆರೈಕೆಯಿಲ್ಲದ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ, ಮಾರ್ಗಸೂಚಿಗಳನ್ನು ಅಂಗೀಕರಿಸಿತ್ತು. ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂಬುದು ಅದರ ತಿರುಳು. ಆದ್ದರಿಂದ ಅನಾಥಾಲಯ ಕಟ್ಟಲು ಕಾಣಿಕೆ ಬೇಕೆಂಬ ಮನವಿ ಬಂದರೆ ನಾವು ತಿರುಗಿ ಕೇಳುತ್ತೇವೆ: ಇಲ್ಲಿ ಎಷ್ಟು ಮಕ್ಕಳಿಗೆ ಜೀವಂತ ತಂದೆತಾಯಿಗಳಿದ್ದಾರೆ? ಅವರನ್ನು ಮನೆಗೆ ಸೇರಿಸಲು ನೀವೇನು ಮಾಡುತ್ತಿದ್ದೀರಿ? ಉತ್ತರ ಕೊಡದೆ ಚೆಂದದ ಚಿತ್ರಗಳನ್ನು ಮಾತ್ರ ಕಳುಹಿಸಿದವರಿಗೆ ನಾವು ಹಣ ಕೊಟ್ಟಿಲ್ಲ. ರಜೆಯಲ್ಲಿ ಎರಡು ವಾರ ಅನಾಥಾಲಯದಲ್ಲಿ ಮಕ್ಕಳೊಡನೆ ಕಳೆದು ಬರುವ ಯುವಕರ ಪ್ರವಾಸಗಳನ್ನೂ ನಿಲ್ಲಿಸಿದ್ದೇವೆ. ಬಂದವರನ್ನೆಲ್ಲ ಹಚ್ಚಿಕೊಂಡು, ಅವರು ಹೋದಾಗಲೆಲ್ಲ ಇನ್ನೊಮ್ಮೆ ಕಳೆದುಕೊಳ್ಳುವ ಶಿಕ್ಷೆ ಆ ಮಕ್ಕಳಿಗೆ ಏಕೆ? ಈ ತೀರ್ಮಾನಕ್ಕೆ ಒಂದಿಷ್ಟು ಮುನಿಸು ಎದುರಿಸಬೇಕಾಯಿತು.

ಒಳ್ಳೆಯ ನೆರವು ಹೇಗಿರುತ್ತದೆ ಎಂಬುದನ್ನು ಭಾನುವಾರ ಶಾಲೆಯ ಮಕ್ಕಳಿಗೆ ಒಂದು ಕಾಗದದ ಪಟ್ಟಿಯಿಂದ ತೋರಿಸಿದ್ದೆ. ಪಟ್ಟಿಯನ್ನು 11.5 ಸೆಂಟಿಮೀಟರ್ ಸುತ್ತಳತೆಯ ಬಳೆಯಂತೆ ಅಂಟಿಸಿ ಅವರ ಕೈಗೆ ಕೊಟ್ಟೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗ ಇದಕ್ಕಿಂತ ಸಣ್ಣದಾಗಿದ್ದರೆ ಅದು ತೀವ್ರ ಅಪೌಷ್ಟಿಕತೆ. ದೊಡ್ಡ ಹುಡುಗರಿಗೆ ಅದರೊಳಗೆ ಎರಡು ಬೆರಳು ಸುಲಭವಾಗಿ ಹೋದವು, ಮೂರನೆಯದಕ್ಕೆ ಕಷ್ಟಪಟ್ಟರು. ಇಂಥ ಮಗುವಿಗೆ ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಜೀವಸತ್ವಗಳನ್ನು ಸೇರಿಸಿ ಅರೆದ ಪೇಸ್ಟ್ ಇದೆ. 92 ಗ್ರಾಂನ ಒಂದು ಪೊಟ್ಟಣದಲ್ಲಿ ಸುಮಾರು 500 ಕಿಲೊಕ್ಯಾಲರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಬೇರೆ ತೊಡಕಿಲ್ಲದ ಮಗು ಆಸ್ಪತ್ರೆಯಲ್ಲಿ ಮಲಗದೆ ಮನೆಯಲ್ಲೇ, ತಾಯಿಯ ಕೈಯಿಂದಲೇ ತಿಂದು, ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಈಗ ಹಲವು ದೇಶಗಳಲ್ಲಿ ತೋಳಿನ ಅಳತೆ ತೆಗೆಯುವುದನ್ನೂ ತಾಯಂದಿರಿಗೇ ಕಲಿಸುತ್ತಾರೆ. ಔಷಧ ದೂರದಿಂದ ಬಂದರೂ ಗುಣಪಡಿಸುವವಳು ತಾಯಿಯೇ ಆಗಿರುವ ಈ ಕ್ರಮ ನನಗೆ ಬಹಳ ಹಿಡಿಸಿತು. ಅಂದಿನಿಂದ ನಮ್ಮ ನಿಧಿಯ ದೊಡ್ಡ ಪಾಲು ಇದಕ್ಕೇ ಹೋಗುತ್ತಿದೆ.

ಹಳೆಯ ಬಟ್ಟೆ, ಆಟಿಕೆ ನಾವು ಕಳುಹಿಸುವುದಿಲ್ಲ. ಸಾಗಣೆಗೆ ಅವುಗಳ ಬೆಲೆಗಿಂತ ಹೆಚ್ಚು ಖರ್ಚು, ಔಷಧ ಇಳಿಯಬೇಕಾದ ಬಂದರಿನಲ್ಲಿ ಅವುಗಳ ರಾಶಿ. ಹಣವಾದರೆ ಅಲ್ಲಿಯ ಅಂಗಡಿಯವನಿಗೂ ಬದುಕು. ಈ ವಿಷಯದಲ್ಲಿ ನನಗೆ ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನೇ ಗುರು. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಅವನು ಛತ್ರಕ್ಕೆ ಸೇರಿಸಿ, ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ವೆಚ್ಚವಾದರೆ ಹಿಂದಿರುಗಿದಾಗ ತೀರಿಸುತ್ತೇನೆ ಎಂದು ಹೊರಟುಹೋದ. ಸ್ಥಳದಲ್ಲಿರುವವನ ಮೇಲೆ ನಂಬಿಕೆ, ರೊಕ್ಕ, ಮುಂದಿನ ಖರ್ಚಿಗೂ ಮಾತು ಇವು ಮೂರೂ ಅದರಲ್ಲಿವೆ. ನಂಬಿಕೆ ಎಂದರೆ ಕಣ್ಣುಮುಚ್ಚಿ ಕೊಡುವುದು ಎಂದೇನೂ ಅಲ್ಲ. ಸಭೆಯಲ್ಲಿರುವ ಲೆಕ್ಕಪರಿಶೋಧಕಿಯೊಬ್ಬರು ಪ್ರತಿ ಸಂಸ್ಥೆಯ ಆಡಿಟ್ ವರದಿ ಓದುತ್ತಾರೆ. ಮಕ್ಕಳ ರಕ್ಷಣೆಯ ಲಿಖಿತ ನೀತಿ ಇದೆಯೇ, ದೂರು ಕೊಡಲು ಮಗುವಿಗೆ ದಾರಿ ಇದೆಯೇ ಎಂದು ನಾನು ನೋಡುತ್ತೇನೆ. ಆಡಳಿತ ವೆಚ್ಚ ಸೊನ್ನೆ ಎಂದು ಹೇಳಿಕೊಳ್ಳುವ ಸಂಸ್ಥೆಯನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು. ದಾದಿಯರ ತರಬೇತಿಗೂ ಲೆಕ್ಕ ಇಡುವುದಕ್ಕೂ ದುಡ್ಡು ಬೇಕು.

ಒಂದು ಮಗುವನ್ನು ಪ್ರಾಯೋಜಿಸುವ, ಅಂದರೆ ಅದರ ಖರ್ಚಿಗೆ ಸಂಸ್ಥೆಯೊಂದರ ಮೂಲಕ ನಿಯಮಿತವಾಗಿ ಹಣ ಕಳುಹಿಸುವ ಕುಟುಂಬಗಳೂ ನಮ್ಮಲ್ಲಿವೆ. ಕ್ರೈಸ್ತ ನೆರವು ಸಂಸ್ಥೆಗಳಾದ, 1950ರಲ್ಲಿ ಹುಟ್ಟಿದ ವರ್ಲ್ಡ್ ವಿಷನ್, 1952ರಲ್ಲಿ ಕೊರಿಯಾ ಯುದ್ಧದ ಅನಾಥರಿಗಾಗಿ ಆರಂಭವಾದ ಕಂಪ್ಯಾಷನ್ ಇಂಟರ್‌ನ್ಯಾಷನಲ್ ಈ ದಾರಿಯನ್ನು ಜನಪ್ರಿಯಗೊಳಿಸಿದವು. ಆ ಕುಟುಂಬಗಳಿಗೆ ನಾನು ಹೇಳುವುದಿಷ್ಟೇ: ಪತ್ರ ಬರೆಯಿರಿ, ಆದರೆ ಸಂಸ್ಥೆಯ ಮೂಲಕವೇ ಬರೆಯಿರಿ, ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇವೆ ಎಂಬಂಥ ಮಾತು ಕೊಡಬೇಡಿ, ಮಗುವಿನ ಹೆಸರು, ಊರು, ಮುಖ ಮೂರನ್ನೂ ಒಟ್ಟಿಗೆ ಮೊಬೈಲ್‌ನಲ್ಲಿ ಹಂಚಬೇಡಿ.

ಸುವಾರ್ತೆಯ ಪ್ರಶ್ನೆ ಪ್ರತಿ ವರ್ಷವೂ ಏಳುತ್ತದೆ. ರೊಟ್ಟಿ ಕೊಡುವಾಗ ಯೇಸುವಿನ ಹೆಸರನ್ನು ಹೇಳಬಾರದೇ ಎಂದು ಹಿರಿಯರು ನೊಂದುಕೊಂಡು ಕೇಳುತ್ತಾರೆ. ರೆಡ್ ಕ್ರಾಸ್ ಚಳವಳಿಯೂ ಇತರ ನೆರವು ಸಂಸ್ಥೆಗಳೂ 1994ರಲ್ಲಿ ರೂಪಿಸಿದ ನೀತಿ ಸಂಹಿತೆಯ ಪ್ರಕಾರ, ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವೊಂದನ್ನು ಮುಂದೊತ್ತಲು ಬಳಸುವಂತಿಲ್ಲ. ಅದರ ಹಿಂದೆ ಕ್ರೈಸ್ತ ಸಂಸ್ಥೆಗಳಾದ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಸಭೆಗಳ ವಿಶ್ವ ಮಂಡಳಿ ಕೂಡ ಇದ್ದವು. ನನ್ನ ನಿಲುವು ಇನ್ನೂ ಸರಳ. ಹಸಿದ ಮಗುವಿಗೆ ಬೇಡ ಎನ್ನುವ ಸ್ವಾತಂತ್ರ್ಯವಿಲ್ಲ. ಅದಿಲ್ಲದ ಕಡೆ ನಮ್ಮ ನಂಬಿಕೆಯ ಸಾಕ್ಷಿಯ ಮಾತು ಒತ್ತಾಯವಾಗಿಬಿಡುತ್ತದೆ. ಯಾರಾದರೂ ತಾವಾಗಿಯೇ ಕೇಳಿದರೆ ಹೇಳಲು ಅಡ್ಡಿಯೇನು?

ಪ್ರಾರ್ಥನಾ ಕೂಟದಲ್ಲಿ "ಲೋಕದ ಎಲ್ಲ ಮಕ್ಕಳಿಗಾಗಿ" ಎಂಬ ಪ್ರಾರ್ಥನೆಯನ್ನು ಬಿಟ್ಟಿದ್ದೇವೆ. 2024ರ ಕೊನೆಯಲ್ಲಿ ಯುನಿಸೆಫ್ ಅಂದಾಜಿಸಿದಂತೆ ಸಂಘರ್ಷದ ನಡುವೆ ಬದುಕುವ ಮಕ್ಕಳೇ 47 ಕೋಟಿಗೂ ಹೆಚ್ಚು. ಅಷ್ಟು ದೊಡ್ಡ ಸಂಖ್ಯೆಯ ಮುಂದೆ ಮನಸ್ಸು ಜಡವಾಗುತ್ತದೆ. ಬದಲಿಗೆ ತಿಂಗಳಿಗೊಂದು ಪ್ರದೇಶವನ್ನು ಆರಿಸಿ, ಒಬ್ಬರು ಅಲ್ಲಿಯ ಸುದ್ದಿ ಓದಿಕೊಂಡು ಬಂದು ಹೇಳುತ್ತಾರೆ. ಜಮ್‌ಜಮ್ ಎಂಬ ಹೆಸರು ನಮ್ಮ ಅಜ್ಜಿಯರಿಗೂ ಗೊತ್ತಾದದ್ದು ಹಾಗೆ. ಸುಡಾನ್‌ನ ಉತ್ತರ ದಾರ್ಫುರ್‌ನಲ್ಲಿದ್ದ, ಮನೆಮಠ ತೊರೆದವರ ಆ ಶಿಬಿರದಲ್ಲಿ ಕ್ಷಾಮವಿದೆಯೆಂದು 2024ರ ಆಗಸ್ಟ್‌ನಲ್ಲಿ ದೃಢಪಟ್ಟಾಗ, 2023ರ ಏಪ್ರಿಲ್‌ನಲ್ಲಿ ಆರಂಭವಾದ ಅಲ್ಲಿಯ ಯುದ್ಧ ಬಹುತೇಕ ಪತ್ರಿಕೆಗಳ ಮುಖಪುಟದಿಂದ ಮಾಯವಾಗಿತ್ತು. ನಿಧಿಯ ಮೂರನೆಯ ಒಂದು ಭಾಗವನ್ನು ಹೀಗೆ ಸುದ್ದಿಯಿಂದ ಮರೆಯಾದ ಕಡೆಗಳಿಗೆಂದೇ ಎತ್ತಿಡುತ್ತೇವೆ. ಅದನ್ನು ಅರ್ಧಕ್ಕೆ ಏರಿಸಬೇಕೆಂದು ನಾನು, ಬೇಡವೆಂದು ಖಜಾಂಚಿ; ಮುಂದಿನ ಸಮಿತಿಯ ಸಭೆಯಲ್ಲಿ ಮತಕ್ಕೆ ಹಾಕುತ್ತೇವೆ.