ಖೋ ಕೊಟ್ಟ ಮೇಲೆಯೇ ಅಂಕಣಕ್ಕೆ

ನವೆಂಬರ್ ಮೊದಲ ವಾರ ಮಕ್ಕಳ ಒಳಾಂಗಣ ಫುಟ್‌ಬಾಲ್ ಲೀಗ್‌ನಿಂದ ಪೋಷಕರಿಗೆಲ್ಲ ಒಂದು ಇಮೇಲ್ ಬಂತು. ಹತ್ತು ವರ್ಷದೊಳಗಿನವರ ಒಂದು ತಂಡಕ್ಕೆ ಕೋಚ್ ಸಿಕ್ಕಿಲ್ಲ, ಶುಕ್ರವಾರದೊಳಗೆ ಯಾರೂ ಮುಂದೆ ಬಾರದಿದ್ದರೆ ತಂಡವನ್ನು ಕೈಬಿಟ್ಟು ಶುಲ್ಕ ಹಿಂದಿರುಗಿಸುತ್ತೇವೆ ಎಂದಿತ್ತು. ಆ ತಂಡದಲ್ಲಿ ನನ್ನ ಮಗಳಿದ್ದಳು. ಡೆಟ್ರಾಯಿಟ್ ಹೊರವಲಯದಲ್ಲಿರುವ ನಮಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಯಲಲ್ಲಿ ಆಟವೆಂಬುದಿಲ್ಲ. ಐದು ತಿಂಗಳು ಮಗು ಮನೆಯೊಳಗೇ ಕೂರಬೇಕಾಗುತ್ತದೆಂದು ಯೋಚಿಸಿ ಗುರುವಾರ ರಾತ್ರಿ ನನ್ನ ಹೆಸರು ಕೊಟ್ಟೆ.

ನಾನು ಮೈಸೂರು ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಖೋ ಖೋ ಆಡಿ ಬೆಳೆದವಳು. ಫುಟ್‌ಬಾಲನ್ನು ನೋಡಿದ್ದೆ, ಆಡಿರಲಿಲ್ಲ. ಸ್ವಯಂಸೇವಕ ಕೋಚ್ ಆಗಲು ಇಲ್ಲಿ ಆಟ ಗೊತ್ತಿರಬೇಕೆಂಬ ಷರತ್ತಿರಲಿಲ್ಲ. ಪೊಲೀಸ್ ದಾಖಲೆಗಳ ಪರಿಶೀಲನೆಗೆ ಒಪ್ಪಿಗೆ ಕೊಡಬೇಕಿತ್ತು, ಮಕ್ಕಳ ಸುರಕ್ಷತೆಯ ಬಗ್ಗೆ ಮತ್ತು ತಲೆಗೆ ಏಟಾದಾಗ ಏನು ಮಾಡಬೇಕೆಂಬುದರ ಬಗ್ಗೆ ಆನ್‌ಲೈನ್ ತರಬೇತಿ ಮುಗಿಸಬೇಕಿತ್ತು. ಅದೆಲ್ಲ ಎರಡು ಸಂಜೆಗಳ ಕೆಲಸ. ಆಮೇಲೆ ಕೈಗೆ ಬಂದದ್ದು ನಾಲ್ಕು ಪುಟಗಳ ನಿಯಮಾವಳಿ. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ವಾರವಿಡೀ ಓದಿದೆ.

ಓದುತ್ತಾ ಹೋದಂತೆ ತಿಳಿಯಿತು, ಇದು ಚಾವಣಿ ಹೊದಿಸಿದ ಫುಟ್‌ಬಾಲ್ ಅಲ್ಲ, ಬೇರೆಯೇ ಆಟ. ಅಮೆರಿಕದ ಒಳಾಂಗಣ ಸಾಕರ್ (ಫುಟ್‌ಬಾಲ್‌ಗೆ ಇಲ್ಲಿ ಹೀಗೆನ್ನುತ್ತಾರೆ) ಹುಟ್ಟಿದ್ದು ಐಸ್ ಹಾಕಿ ಅಂಕಣಗಳಲ್ಲಿ. ಮಂಜುಗಡ್ಡೆಯ ಮೇಲೆ ಕೃತಕ ಹುಲ್ಲು ಹಾಸಿ, ಸುತ್ತಲಿನ ತಡೆಗೋಡೆಯನ್ನು ಹಾಗೆಯೇ ಉಳಿಸಿಕೊಂಡರು. ಆದ್ದರಿಂದ ಚೆಂಡು ಗೋಡೆಗೆ ಬಡಿದರೆ ಆಟ ನಿಲ್ಲುವುದಿಲ್ಲ, ಬಡಿದು ವಾಪಸು ಬಂದ ಚೆಂಡನ್ನೇ ಆಡಬೇಕು. ಥ್ರೋ ಇನ್ ಇಲ್ಲ, ಆಫ್‌ಸೈಡ್ ಇಲ್ಲ. ಚೆಂಡು ಗೋಡೆಯ ಮೇಲಿನ ಬಲೆಗೆ ತಾಗಿದರೆ ಮಾತ್ರ ಸೀಟಿ ಊದುತ್ತಾರೆ, ಎದುರಾಳಿ ತಂಡ ಆ ಜಾಗದಿಂದ ಒದ್ದು ಆಟ ಮುಂದುವರಿಸುತ್ತದೆ. ಕಪ್ಪು, ಬಿಳಿ ಚೆಂಡು ಎಲ್ಲೂ ಹೊರಗೆ ಹೋಗದೆ ಇಪ್ಪತ್ತೆರಡು ನಿಮಿಷ ಓಡಾಡುತ್ತಲೇ ಇರುವುದರಿಂದ ಮಕ್ಕಳಿಗೆ ಉಸಿರೆಳೆದುಕೊಳ್ಳಲೂ ಬಿಡುವು ಸಿಗುವುದಿಲ್ಲ. ಇಂಥ ಎರಡು ಅವಧಿ, ನಡುವೆ ಮೂರು ನಿಮಿಷ ವಿರಾಮ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಮಂದಿ.

ಇದನ್ನು ಫುಟ್ಸಾಲ್ ಎಂಬ ಇನ್ನೊಂದು ಒಳಾಂಗಣ ಫುಟ್‌ಬಾಲ್ ಆಟದ ಜೊತೆ ಬೆರೆಸಬಾರದು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಬೆರೆಸಿದ, ನಮ್ಮ ತಂಡದ ಕೆಲವು ಪೋಷಕರೂ ಬೆರೆಸುತ್ತಿದ್ದರು. ಫುಟ್ಸಾಲ್‌ನ ಬೇರು ಉರುಗ್ವೆಯ ಮಾಂಟೆವಿಡಿಯೊದಲ್ಲಿದೆ. 1930ರಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕ ಅಲ್ಲಿನ ವೈಎಂಸಿಎಯಲ್ಲಿ ಅದನ್ನು ರೂಪಿಸಿದರು. ಅಲ್ಲಿ ಗೋಡೆ ಇಲ್ಲ, ಗೆರೆ ದಾಟಿದ ಚೆಂಡು ಹೊರಗೆ ಹೋದಂತೆ. ಅದರ ಚೆಂಡೂ ಬೇರೆ. ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತಕ್ಕೆ 65 ಸೆಂಟಿಮೀಟರ್‌ಗಿಂತ ಮೇಲೇಳಬಾರದು. ನಮ್ಮ ಲೀಗ್‌ನಲ್ಲಿ ಬಯಲಿನಲ್ಲಿ ಆಡುವ ನಾಲ್ಕನೇ ಅಳತೆಯ ಚೆಂಡನ್ನೇ ಬಳಸುತ್ತಿದ್ದರು. ಆ ಚೆಂಡು ಗೋಡೆಗೆ ಬಡಿದು ಬರುವ ರಭಸವನ್ನು ಮೊದಲ ಅಭ್ಯಾಸದಲ್ಲಿ ಕಂಡಾಗ, ಶಿನ್ ಗಾರ್ಡ್ (ಮೊಣಕಾಲ ಕೆಳಗೆ ಕಟ್ಟುವ ರಕ್ಷೆ) ಇಲ್ಲದ ಮಗುವನ್ನು ಒಳಗೆ ಬಿಡಬಾರದೆಂಬ ನಿಯಮಕ್ಕೆ ಕಾರಣ ಕೇಳಬೇಕಾಗಲಿಲ್ಲ.

ಗೋಡೆಯನ್ನು ಮಕ್ಕಳಿಗೆ ಅರ್ಥ ಮಾಡಿಸಲು ನಾನು ಕೇರಂ ಬೋರ್ಡ್ ತೆಗೆದುಕೊಂಡು ಹೋದೆ. ಹತ್ತು ಮಕ್ಕಳೂ ಸುತ್ತ ಕುಳಿತರು. ಸ್ಟ್ರೈಕರ್ ಅಂಚಿಗೆ ಯಾವ ಓರೆಯಲ್ಲಿ ಹೋಗುತ್ತದೋ ಅದೇ ಓರೆಯಲ್ಲಿ ಆಚೆಗೆ ಹೊರಡುವುದನ್ನು ಹತ್ತು ನಿಮಿಷ ನೋಡಿದರು. ಆಮೇಲೆ ಅಂಕಣದಲ್ಲಿ ಎದುರಿಗಿದ್ದ ಆಟಗಾರನನ್ನು ದಾಟಲು ಗೋಡೆಗೆ ಒದ್ದು, ಆಚೆ ಕಡೆ ತಾವೇ ಓಡಿಹೋಗಿ ಚೆಂಡು ಹಿಡಿಯುವುದನ್ನು ಕಲಿಯಲು ಅವರಿಗೆ ಎರಡು ಅಭ್ಯಾಸ ಸಾಕಾಯಿತು. ಇಷ್ಟು ಬೇಗ ಬಾಯಿಮಾತಿನಿಂದ ಕಲಿಸಲು ನನ್ನಿಂದ ಆಗುತ್ತಿರಲಿಲ್ಲ.

ಗೋಡೆಯ ಇನ್ನೊಂದು ಮುಖ ಅಪಾಯದ್ದು. ಗೋಡೆಗೆ ಮುಖ ಮಾಡಿ ಚೆಂಡು ಕಾಯುತ್ತಿರುವ ಮಗುವನ್ನು ಹಿಂದಿನಿಂದ ತಳ್ಳಿದರೆ ನೀಲಿ ಕಾರ್ಡ್, ತಳ್ಳಿದವರು ಎರಡು ನಿಮಿಷ ಹೊರಗೆ, ಅಷ್ಟು ಹೊತ್ತು ತಂಡದಲ್ಲಿ ಒಬ್ಬರು ಕಡಿಮೆ. ಜಾರಿಬಿದ್ದು ಚೆಂಡು ಕಸಿಯುವುದಕ್ಕೂ ಅದೇ ಶಿಕ್ಷೆ. ನನ್ನ ಅಭ್ಯಾಸಗಳಲ್ಲಿ ನಾನೇ ಒಂದು ಕಟ್ಟುಪಾಡು ಸೇರಿಸಿದೆ: ಗೋಡೆಯಿಂದ ಒಂದು ತೋಳಿನಷ್ಟು ದೂರದಲ್ಲಿ ಯಾರ ಬೆನ್ನು ಕಂಡರೂ ಓಟ ನಿಲ್ಲಿಸಿ ಕಾಲು ಮಾತ್ರ ಚಾಚಬೇಕು. ಋತುವಿಡೀ ಆ ಕಾರಣಕ್ಕೆ ನಮ್ಮ ತಂಡಕ್ಕೆ ಒಂದು ಕಾರ್ಡೂ ಬರಲಿಲ್ಲ. ಇದನ್ನು ನಾನು ಗೆದ್ದ ಪಂದ್ಯಗಳಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದೇನೆ.

ಮೂರು ಗೆರೆಗಳ ನಿಯಮ ಪೋಷಕರನ್ನು ಬಹಳ ಗೊಂದಲಕ್ಕೆ ತಳ್ಳಿತು. ಅಂಕಣಕ್ಕೆ ಅಡ್ಡಲಾಗಿ ನಡುವೆ ಒಂದು ಗೆರೆ, ಅದರ ಎರಡೂ ಕಡೆ ಒಂದೊಂದು ಕೆಂಪು ಗೆರೆ ಇರುತ್ತದೆ. ಮುಂದಕ್ಕೆ ಒದ್ದ ಚೆಂಡು ಯಾರಿಗೂ, ನೆಲಕ್ಕೂ, ಗೋಡೆಗೂ ತಾಗದೆ ಗಾಳಿಯಲ್ಲೇ ಈ ಮೂರನ್ನೂ ದಾಟಿದರೆ ತಪ್ಪು. ಮೊದಲು ದಾಟಿದ ಗೆರೆಯಿಂದ ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ. ಈ ನಿಯಮ ಇಲ್ಲದಿದ್ದರೆ ಗಟ್ಟಿ ಕಾಲಿನ ಒಂದು ಮಗು ಹಿಂದೆ ನಿಂತು ದೂರಕ್ಕೆ ಒದೆಯುತ್ತಲೇ ಇರುತ್ತದೆ, ಉಳಿದವರು ಚೆಂಡನ್ನು ತಲೆಯ ಮೇಲೆ ಹಾರುವ ಹಕ್ಕಿಯಂತೆ ನೋಡುತ್ತಿರಬೇಕಾಗುತ್ತದೆ. ಚಾವಣಿಗೆ ಚೆಂಡು ತಾಗಿದರೂ ಫ್ರೀ ಕಿಕ್. ಚಾವಣಿಯ ಮಾತು ಬಂದಾಗ ಹೇಳಬೇಕು, ನಮ್ಮ ಮನೆಯಿಂದ ಹೆಚ್ಚು ದೂರವಲ್ಲದ ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ 1994ರ ಜೂನ್ 18ರಂದು ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್ 1-1 ಸಮ ಮಾಡಿಕೊಂಡ ಪಂದ್ಯವೇ ವಿಶ್ವಕಪ್‌ನಲ್ಲಿ ಒಳಾಂಗಣದಲ್ಲಿ ನಡೆದ ಮೊದಲ ಪಂದ್ಯ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಹೊರಗೆ ಬೆಳೆಸಿದ ನಿಜವಾದ ಹುಲ್ಲನ್ನು ಒಳಗೆ ತಂದು ಜೋಡಿಸಿದ್ದರು. ಈಗ ಆ ಕಟ್ಟಡವೇ ಇಲ್ಲ. ಮಕ್ಕಳಿಗೆ ಈ ಕಥೆ ಹೇಳಿದಾಗ ಒಬ್ಬ ಹುಡುಗ, ಅಲ್ಲಿ ಮೂರು ಗೆರೆಗಳಿದ್ದವೇ ಎಂದು ಕೇಳಿದ. ಇರಲಿಲ್ಲ, ಚಾವಣಿ ಇದ್ದರೂ ಆಟ ಬಯಲಿನದೇ ಎಂದೆ.

ತಲೆಯಿಂದ ಚೆಂಡನ್ನು ಹೊಡೆಯುವಂತಿಲ್ಲ. ಇದು ನಮ್ಮ ಲೀಗ್‌ನ ನಿಯಮ ಮಾತ್ರವಲ್ಲ. ಪೋಷಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಅಮೆರಿಕದ ಸಾಕರ್ ಒಕ್ಕೂಟ 2015ರ ನವೆಂಬರ್‌ನಲ್ಲಿ ಹತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಹೆಡಿಂಗ್ ಬೇಡವೆಂದು ಪ್ರಕಟಿಸಿತು. ಬೇಕೆಂದೇ ತಲೆ ಕೊಟ್ಟರೆ ಎದುರಾಳಿಗೆ ಫ್ರೀ ಕಿಕ್. ಟಿವಿಯಲ್ಲಿ ದೊಡ್ಡವರು ತಲೆಯಿಂದ ಗೋಲು ಹೊಡೆಯುವುದನ್ನು ನೋಡಿದ ಮಕ್ಕಳಿಗೆ ಇದನ್ನು ಒಪ್ಪಿಸುವುದು ಕಷ್ಟ. ಎದೆಯ ಮೇಲೆ ಚೆಂಡು ಇಳಿಸಿಕೊಳ್ಳುವುದನ್ನು ಕಲಿಸಿದೆ, ಅದು ರೂಢಿಯಾದ ಮೇಲೆ ತಲೆಯ ಆಸೆ ತಾನಾಗಿ ಕಡಿಮೆಯಾಯಿತು.

ನನಗೆ ನಿಜವಾದ ತೊಂದರೆ ಕೊಟ್ಟದ್ದು ಬದಲಿ ಆಟಗಾರರ ನಿಯಮ.

ಬಯಲಿನಲ್ಲಿ ಆಟ ನಿಂತಾಗ ರೆಫರಿಯ ಅನುಮತಿ ಪಡೆದು ಬದಲಿ ಕಳುಹಿಸುತ್ತಾರೆ. ಒಳಾಂಗಣದಲ್ಲಿ ಆಟವೇ ನಿಲ್ಲುವುದಿಲ್ಲವಾದ್ದರಿಂದ ಐಸ್ ಹಾಕಿಯಂತೆ ಆಟ ನಡೆಯುತ್ತಿರುವಾಗಲೇ ಬದಲಾಗಬೇಕು. ಷರತ್ತು ಒಂದೇ: ಹೊರಗೆ ಬರುವವರು ಬೆಂಚಿನ ಬಾಗಿಲು ಮುಟ್ಟುವ ಮೊದಲು ಒಳಗೆ ಹೋಗುವವರು ಹುಲ್ಲಿನ ಮೇಲೆ ಕಾಲಿಡಬಾರದು. ಇಟ್ಟರೆ ಅಂಕಣದಲ್ಲಿ ಏಳು ಮಂದಿ ಇದ್ದಂತೆ, ತಂಡಕ್ಕೆ ಎರಡು ನಿಮಿಷದ ಶಿಕ್ಷೆ. ಮೊದಲ ಪಂದ್ಯದಲ್ಲಿ ನಮಗೆ ಈ ಶಿಕ್ಷೆ ಮೂರು ಸಲ ಬಿತ್ತು. ಮಕ್ಕಳ ತಪ್ಪೇನಿಲ್ಲ. ಒಂಬತ್ತು ವರ್ಷದ ಮಗುವಿಗೆ 'ಹೋಗು' ಎಂದರೆ ಅದು ಹೋಗುತ್ತದೆ. ಮೂರನೇ ಸಲ ತಪ್ಪಿದ ಹುಡುಗಿ ಬೆಂಚಿನ ಮೂಲೆಯಲ್ಲಿ ಕುಳಿತು ಅತ್ತಳು, ಮತ್ತೆ ಒಳಗೆ ಹೋಗಲು ಒಪ್ಪಲೇ ಇಲ್ಲ.

ಆ ರಾತ್ರಿ ನಿದ್ದೆ ಬರದೆ ಯೋಚಿಸುತ್ತಿದ್ದಾಗ ನಮ್ಮ ಶಾಲೆಯ ಮೈದಾನ ನೆನಪಾಯಿತು. ಖೋ ಖೋದಲ್ಲಿ ಎಂಟು ಮಂದಿ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತೇವೆ. ಓಡುವವರು ಪಕ್ಕದಲ್ಲೇ ಹಾದುಹೋದರೂ, ಕೈಗೆ ಸಿಗುವಷ್ಟು ಹತ್ತಿರವಿದ್ದರೂ ಏಳುವಂತಿಲ್ಲ. ಬೆನ್ನಿಗೆ ಅಂಗೈ ತಾಗಬೇಕು, ಕಿವಿಗೆ 'ಖೋ' ಕೇಳಬೇಕು, ಆಮೇಲೆಯೇ ಏಳುವುದು. ಮೊದಲೇ ಎದ್ದರೆ ಫೌಲ್. ನಮ್ಮ ಪಿ.ಟಿ. ಮೇಷ್ಟ್ರು ಏಳುವುದನ್ನೇ ತಿಂಗಳುಗಟ್ಟಲೆ ಕಲಿಸಿದ್ದರು. ನನಗೆ ಬೇಕಿದ್ದದ್ದು ಇದೇ.

ಮುಂದಿನ ಅಭ್ಯಾಸದಲ್ಲಿ ಚೆಂಡನ್ನು ಚೀಲದಿಂದ ತೆಗೆಯಲೇ ಇಲ್ಲ. ಮುಕ್ಕಾಲು ಗಂಟೆ ಖೋ ಖೋ ಆಡಿಸಿದೆ. ಹತ್ತು ಮಕ್ಕಳಲ್ಲಿ ಇಬ್ಬರು ಮಾತ್ರ ಕನ್ನಡದವರು, ಉಳಿದವರ ಮನೆಮಾತು ಇಂಗ್ಲಿಷ್, ಸ್ಪ್ಯಾನಿಷ್, ಅರೇಬಿಕ್, ತೆಲುಗು. ಆದರೆ 'ಖೋ' ಎನ್ನಲು ಯಾರಿಗೂ ಭಾಷೆ ಬೇಕಾಗಲಿಲ್ಲ. ಕೊನೆಯ ಹದಿನೈದು ನಿಮಿಷ ಬೆಂಚಿನ ಬಾಗಿಲಿಗೆ ಬಂದೆವು. ಒಳಗೆ ಹೋಗಬೇಕಾದವರು ಬಾಗಿಲಲ್ಲಿ ಅಂಗೈ ಚಾಚಿ ನಿಲ್ಲಬೇಕು. ಹೊರಗೆ ಬರುವವರು ಬಾಗಿಲು ದಾಟಿ ಆ ಅಂಗೈಗೆ ಹೊಡೆದು 'ಖೋ' ಎನ್ನಬೇಕು. ಕೋಚ್ ಕೂಗಿದರೂ, ಅಮ್ಮ ಕೂಗಿದರೂ, ಎದುರಾಳಿ ಗೋಲಿನ ಮುಂದೆ ಚೆಂಡು ಒಂಟಿಯಾಗಿ ಬಿದ್ದಿದ್ದರೂ, ಖೋ ಬೀಳದೆ ಹೋಗಬಾರದು. ಎರಡನೇ ಪಂದ್ಯದಲ್ಲಿ ಶಿಕ್ಷೆ ಒಂದೂ ಬೀಳಲಿಲ್ಲ. ಅತ್ತಿದ್ದ ಹುಡುಗಿಯ ಖೋ ಎಲ್ಲರದಕ್ಕಿಂತ ಜೋರಾಗಿತ್ತು.

ಯಾರು ಎಷ್ಟು ಹೊತ್ತು ಆಡಬೇಕೆಂಬುದರಲ್ಲೂ ನಮ್ಮ ಲೀಗ್ ಖಚಿತವಾಗಿತ್ತು: ಬಂದ ಪ್ರತಿ ಮಗುವೂ ಪಂದ್ಯದ ಅರ್ಧದಷ್ಟಾದರೂ ಆಡಲೇಬೇಕು. ಆರು ಸ್ಥಾನ, 44 ನಿಮಿಷ, ಒಟ್ಟು 264 ನಿಮಿಷಗಳನ್ನು ಹತ್ತು ಮಕ್ಕಳಿಗೆ ಹಂಚಿದರೆ ತಲಾ ಇಪ್ಪತ್ತಾರು ನಿಮಿಷಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಕಾಗದದ ಮೇಲೆ ಸುಲಭ. ಅಂಕಣದ ಪಕ್ಕದಲ್ಲಿ ನಿಂತಾಗ, ಒಂದು ಗೋಲು ಹಿಂದಿರುವಾಗ, ಚೆನ್ನಾಗಿ ಆಡುವವರನ್ನು ಇನ್ನೊಂದು ನಿಮಿಷ ಒಳಗೇ ಬಿಡೋಣವೆಂದು ಮನಸ್ಸು ಎಳೆಯುತ್ತದೆ. ನಾನು ನನ್ನನ್ನೇ ನಂಬದೆ ಮೊಬೈಲ್‌ನಲ್ಲಿ ಮೂರು ನಿಮಿಷಕ್ಕೊಮ್ಮೆ ಅಲಾರಂ ಇಟ್ಟೆ. ಗೋಲ್‌ಕೀಪರನ್ನು ಬಿಟ್ಟು ಒಂಬತ್ತು ಮಂದಿ ಉಳಿಯುತ್ತಾರೆ. ಅಲಾರಂ ಹೊಡೆದಾಗ ಬೆಂಚಿನಲ್ಲಿದ್ದ ನಾಲ್ವರು ಒಳಗೆ, ಐವರಲ್ಲಿ ನಾಲ್ವರು ಹೊರಗೆ. ಒಳಗೇ ಉಳಿಯುವ ಐದನೆಯವರು ಪ್ರತಿ ಸಲ ಬೇರೆ. ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದಿಡುತ್ತಿದ್ದೆ, ಪಂದ್ಯದ ನಡುವೆ ಎಂದೂ ತಿದ್ದುತ್ತಿರಲಿಲ್ಲ. ಇದರಿಂದ ಎರಡು ಪಂದ್ಯ ಸೋತೆವು ಎಂದು ಕೆಲವು ಪೋಷಕರು ಹೇಳಿದರು. ಸೋತಿರಬಹುದು. ಹಣ ಕಟ್ಟಿ, ಹಿಮದಲ್ಲಿ ಅರ್ಧ ಗಂಟೆ ಪ್ರಯಾಣ ಮಾಡಿ ಬಂದ ಮಗುವನ್ನು ಬೆಂಚಿನಲ್ಲಿ ಕೂರಿಸಿ ಗೆದ್ದ ಪಂದ್ಯವನ್ನು ಹವ್ಯಾಸಿ ಲೀಗ್‌ನಲ್ಲಿ ಗೆಲುವೆಂದು ನಾನು ಕರೆಯುವುದಿಲ್ಲ.

ಫೆಬ್ರವರಿಯಲ್ಲಿ ನಮ್ಮ ಅತ್ಯಂತ ವೇಗದ ಹುಡುಗ ಚೆಂಡಿನ ಹಿಂದೆ ಓಡಿ, ಯಾರೂ ತಳ್ಳದಿದ್ದರೂ, ತಲೆಯ ಪಕ್ಕಕ್ಕೆ ಗೋಡೆ ಹೊಡೆಸಿಕೊಂಡ. ಬಿದ್ದವನು ತಕ್ಷಣ ಎದ್ದ. ನಗುತ್ತಲೂ ಇದ್ದ. ಆದರೆ ಯಾವ ಕಡೆಗೆ ಗೋಲು ಹೊಡೆಯಬೇಕೆಂದು ಕೇಳಿದಾಗ ನಮ್ಮ ಗೋಲಿನ ಕಡೆ ಕೈ ತೋರಿಸಿದ. ನಾನು ಅವನನ್ನು ಹೊರಗೆ ಕರೆದುಕೊಂಡೆ. ಅವನ ತಂದೆ ಹಾಸನದ ಕಡೆಯವರು, ಗಾಜಿನ ಆಚೆಯಿಂದ ಓಡಿಬಂದರು.

"ಅಕ್ಕ, ಅವನಿಗೆ ಏನೂ ಆಗಿಲ್ಲ. ನೋಡಿ, ನಗುತ್ತಿದ್ದಾನೆ. ಇನ್ನು ಎಂಟೇ ನಿಮಿಷ ಇದೆ, ಬಿಡಿ."

"ಇವತ್ತು ಅವನು ಮತ್ತೆ ಒಳಗೆ ಹೋಗುವುದಿಲ್ಲ. ನೀವು ಈಗಲೇ ಅವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ."

"ನಾನು ಅವನ ತಂದೆ, ನಾನೇ ಹೇಳುತ್ತಿದ್ದೇನೆ."

"ತಂದೆ ಹೇಳಿದರೂ ನನಗೆ ಬಿಡುವ ಅಧಿಕಾರ ಇಲ್ಲ."

ಅಧಿಕಾರ ನಿಜವಾಗಿಯೂ ಇರಲಿಲ್ಲ. ಮಿಷಿಗನ್‌ನಲ್ಲಿ 2013ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಮೆದುಳಿಗೆ ಪೆಟ್ಟಾಗಿರಬಹುದೆಂಬ ಅನುಮಾನ ಬಂದರೆ ಕೋಚ್ ಮಗುವನ್ನು ಆಟದಿಂದ ತೆಗೆಯಬೇಕು, ವೈದ್ಯಕೀಯ ವೃತ್ತಿಯವರ ಲಿಖಿತ ಒಪ್ಪಿಗೆ ಇಲ್ಲದೆ ಮರಳಿ ಸೇರಿಸಿಕೊಳ್ಳುವಂತಿಲ್ಲ. ಅನುಮಾನವೇ ಸಾಕು, ಖಚಿತವಾಗಬೇಕಿಲ್ಲ. ಅವರು ಸಿಟ್ಟಿನಿಂದಲೇ ಮಗನನ್ನು ಕರೆದುಕೊಂಡು ಹೋದರು. ಆ ಸಂಜೆ ಫೋನ್ ಮಾಡಿದೆ, ಎತ್ತಲಿಲ್ಲ. ರಾತ್ರಿ ಹತ್ತಕ್ಕೆ ಅವರೇ ಕರೆ ಮಾಡಿ, ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಎರಡು ಸಲ ವಾಂತಿಯಾಯಿತು, ಆಸ್ಪತ್ರೆಯಲ್ಲಿ ತೋರಿಸಿದೆವು, ಕನ್ಕಷನ್, ಅಂದರೆ ಮೆದುಳಿಗೆ ಪೆಟ್ಟು, ಎಂದಿದ್ದಾರೆ, ವಿಶ್ರಾಂತಿ ಬೇಕಂತೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಪರದೆ ನೋಡಿಸಬೇಡಿ ಎಂದಿದ್ದಾರೆ, ಅದೇ ಕಷ್ಟ ಅಕ್ಕ, ಎಂದರು.

ಮೂರು ವಾರಗಳ ಮೇಲೆ ಹುಡುಗ ಡಾಕ್ಟರ ಪತ್ರ ಹಿಡಿದು ಬಂದ. ಅದನ್ನು ಓದಿ, ತಂಡದ ಫೈಲಿಗೆ ಸೇರಿಸಿ, ಪಟ್ಟಿಯಲ್ಲಿ ಅವನ ಹೆಸರನ್ನು ಎರಡನೇ ಸರದಿಗೆ ಬರೆದೆ. ಆಟ ಶುರುವಾಗಿ ಮೂರು ನಿಮಿಷಕ್ಕೆ ಅಲಾರಂ ಹೊಡೆಯಿತು. ಅವನು ಆಗಲೇ ಬಾಗಿಲಲ್ಲಿ ಅಂಗೈ ಚಾಚಿ ನಿಂತಿದ್ದ.